ಚಕ್ರ ಬಿಚ್ಚಿದ ಮಾತ್ರಕ್ಕೆ ಮನೆಯಾಗಲ್ಲ

ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದು ನಾಲ್ಕು ತಿಂಗಳು, ಬಾಡಿಗೆ ಕಟ್ಟಿ ಸಾಕಾಗಿದೆ. ಸ್ಮಿತ್‌ಫೀಲ್ಡ್ ಆಚೆ ಅರ್ಧ ಎಕರೆ ಜಾಗ, ಅದರ ಮೇಲೆ 1998ರ ಡಬಲ್‌ವೈಡ್ ಮೊಬೈಲ್ ಹೋಮ್, ಅಂದರೆ ಕಾರ್ಖಾನೆಯಲ್ಲಿ ಎರಡು ತುಂಡಾಗಿ ಮಾಡಿ ಚಕ್ರದ ಮೇಲೆ ಎಳೆದು ತಂದು ಜೋಡಿಸಿದ ಮನೆ, ಅಗ್ಗಕ್ಕೆ ಬಂದಿದೆ. ಬ್ಯಾಂಕಿನವರು ಮಾತ್ರ "ಇದಿನ್ನೂ ವಾಹನದ ಲೆಕ್ಕದಲ್ಲಿದೆ, ರಿಯಲ್ ಪ್ರಾಪರ್ಟಿ, ಅಂದರೆ ಸ್ಥಿರಾಸ್ತಿ, ಆಗಿಲ್ಲ" ಅಂತಿದ್ದಾರೆ. "ಅಣ್ಣಾ, ಮನೆ ಹೇಗೆ ವಾಹನ ಆಗುತ್ತೆ?" ಅಂತ ಕೇಳಿದ್ದೀಯ. ಜೊತೆಗೆ ಚಳಿ, ಮಗಳ ಸ್ಕೂಲು, ರಾಗಿ ಹಿಟ್ಟು.

ಚಳಿ ತಡೆಯಬಹುದು. ಸ್ಕೂಲಿನ ವಿಷಯ ನಿಮ್ಮ ಅತ್ತಿಗೆ ಫೋನ್ ಮಾಡಿ ಹೇಳುತ್ತಾಳೆ. ರಾಗಿ ಹಿಟ್ಟು ಕೇರಿಯಲ್ಲಿ ಸಿಗುತ್ತದೆ. ಊರಿನ ಹೆಸರೇ ಕೇರಿ, ನಗಬೇಡ. ಈಗ ಮನೆ ವಿಷಯಕ್ಕೆ ಬರೋಣ.

ನಾನು ಬಂದದ್ದು 1995ರಲ್ಲಿ, ಔಷಧಿ ಕಾರ್ಖಾನೆಯ ಲ್ಯಾಬ್ ಕೆಲಸಕ್ಕೆ. ಈ ಜಾನ್‌ಸ್ಟನ್ ಕೌಂಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹೊಗೆಸೊಪ್ಪಿನ ಹೊಲ, ಅದರ ಅಂಚಿಗೆ ಸೊಪ್ಪು ಬೇಯಿಸುವ ಬ್ಯಾರನ್. ನೀನು ಹುಣಸೂರಿನ ಕಡೆಯವನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪಿರಿಯಾಪಟ್ಟಣದ ನಮ್ಮ ಹೊಲವನ್ನೇ ಯಾರೋ ಕಿತ್ತು ತಂದು ಇಲ್ಲಿಟ್ಟ ಹಾಗಿತ್ತು. ಅಪ್ಪನಿಗೆ ಕಾಗದ ಬರೆದೆ, "ಇಲ್ಲೂ ವರ್ಜೀನಿಯಾ ಸೊಪ್ಪೇ ಬೆಳೀತಾರೆ, ಆದರೆ ಹೊಲದಲ್ಲಿ ಜನವೇ ಕಾಣಲ್ಲ" ಅಂತ.

ಆಗ ಮೂರು ಜನ ಸೇರಿ ಒಂದು ಸಿಂಗಲ್‌ವೈಡ್, ಅಂದರೆ ಒಂದೇ ತುಂಡಿನ ಮನೆ, ಬಾಡಿಗೆಗೆ ಹಿಡಿದಿದ್ದೆವು. 1996ರ ಸೆಪ್ಟೆಂಬರಲ್ಲಿ ಫ್ರ್ಯಾನ್ ಚಂಡಮಾರುತ ಬಂತು. ಆ ರಾತ್ರಿ ಮನೆ ತೆಪ್ಪದ ಹಾಗೆ ಅಲ್ಲಾಡಿತು. ನೆಲಕ್ಕೆ ಬಿಗಿದಿದ್ದ ಉಕ್ಕಿನ ಪಟ್ಟಿಗಳು ಮನೆಯನ್ನು ಹಿಡಿದುಕೊಂಡಿದ್ದರಿಂದ ಬದುಕಿದೆವು. ಅವತ್ತೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. 2001ರಲ್ಲಿ ನಾನೂ ಒಂದು ಕೊಂಡೆ. ಮುಕ್ಕಾಲು ಎಕರೆ, ಅದರ ಮೇಲೆ ಡಬಲ್‌ವೈಡ್. ಉಳಿಸಿದ ದುಡ್ಡಿಗೆ ಸ್ವಲ್ಪ ಕೈಸಾಲ ಸೇರಿಸಿದೆ, ಬ್ಯಾಂಕಿನ ಹಂಗು ಬೇಡ ಅಂದುಕೊಂಡೆ. ಮನೆಯ ಮುಂದೆ ನಿಂತು ಫೋಟೋ ತೆಗೆಸಿ ಊರಿಗೆ ಕಳಿಸಿದೆ. ಅಪ್ಪ ಅದನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಗೋಡೆಯ ಕೆಳಗೆ ಸುತ್ತ ಹೊಡೆದ ಸ್ಕರ್ಟಿಂಗ್ ಹಲಗೆಯ ಹಿಂದೆ ಏನಿದೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ತಪ್ಪು ಶುರುವಾದದ್ದು ಅಲ್ಲೇ. ನಮ್ಮ ಕಡೆ ನೆಲ ಯಾರದೋ ಅದರ ಮೇಲಿನ ಮನೆಯೂ ಅವರದೇ, ಅಲ್ವಾ? ಕ್ರಯಪತ್ರ ಆಯಿತು, ಖಾತೆ ಆಯಿತು, ಮುಗೀತು. ಇಲ್ಲಿ ಈ ಮನೆಗಳು ಕಾರ್ಖಾನೆಯಿಂದ ಬರುವಾಗ ಕಾರಿನ ಹಾಗೆ ಟೈಟಲ್ ಹೊತ್ತು ಬರುತ್ತವೆ. ಕೊಡುವವರೂ ಡಿಎಂವಿಯವರೇ, ನಮ್ಮ ಆರ್‌ಟಿಓ ಇದ್ದ ಹಾಗೆ. ಮನೆಗೇ ಒಂದು ಆರ್‌ಸಿ ಬುಕ್ ಅಂದುಕೋ. ಜಾಗದ ಡೀಡ್, ಅಂದರೆ ಕ್ರಯಪತ್ರ, ನನ್ನ ಹೆಸರಿಗೆ ಬಂತು. ಲಾಯರ್ ಅವತ್ತೇ "ಮನೆಯ ಟೈಟಲ್ ಎಲ್ಲಿ?" ಅಂತ ಕೇಳಿದ್ದರು. ಮಾರಿದ ಮುದುಕ "ಹುಡುಕಿ ಕಳಿಸ್ತೀನಿ" ಅಂದ. ಒಳ್ಳೆಯ ಮನುಷ್ಯ, ಪ್ರತಿ ವರ್ಷ ಒಂದು ಚೀಲ ಸಿಹಿಗೆಣಸು ತಂದು ಕೊಡುತ್ತಿದ್ದ. ಗೆಣಸು ಬಂತು, ಟೈಟಲ್ ಬರಲಿಲ್ಲ. ನಾನೂ ಸುಮ್ನೆ ಇದ್ದುಬಿಟ್ಟೆ. ಕೇಳಿದರೆ ಏನಂದುಕೊಳ್ಳುತ್ತಾನೋ ಅನ್ನುವ ನಮ್ಮ ದಾಕ್ಷಿಣ್ಯ ಗೊತ್ತಲ್ಲ.

2009ರಲ್ಲಿ ಅಪ್ಪನಿಗೆ ಕಿಡ್ನಿ ಕೈಕೊಟ್ಟಿತು. ಮೈಸೂರಲ್ಲಿ ಡಯಾಲಿಸಿಸ್ ಶುರುವಾಯಿತು. ಮನೆಯ ಮೇಲೆ ಸಾಲ ತೆಗೆದು ಕಳಿಸೋಣ ಅಂತ ಬ್ಯಾಂಕಿಗೆ ಹೋದೆ. ದಾಖಲೆ ತೆಗೆದು ನೋಡಿದವರು, ನೆಲ ನಿನ್ನದು, ಮನೆ ನಿನ್ನದಲ್ಲ ಅಂದರು. ಟೈಟಲ್ ಇನ್ನೂ ಆ ಮುದುಕನ ಹೆಸರಲ್ಲಿತ್ತು. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಅದರ ಮೇಲೆ ಅವನು ಎಂದೋ ತೀರಿಸಿದ್ದ ಸಾಲದ ಲೀನ್, ಅಂದರೆ ಋಣಭಾರ, ಹಾಗೇ ಕೂತಿತ್ತು, ಸಾಲ ಕೊಟ್ಟ ಕಂಪನಿ ಇನ್ಯಾವುದೋ ಕಂಪನಿಯಲ್ಲಿ ಕರಗಿಹೋಗಿತ್ತು.

ಲಾಯರ್ ಮೊದಲು ಕೇಳಿದ್ದು ಸೀರಿಯಲ್ ನಂಬರ್. ಅದು ಮನೆಯ ಕೆಳಗೆ, ಉಕ್ಕಿನ ಚಾಸಿಯ ಮುಂದಿನ ಅಡ್ಡಪಟ್ಟಿಯಲ್ಲಿ ಕೊರೆದಿರುತ್ತದೆ. ಡಬಲ್‌ವೈಡ್ ಅಂದರೆ ಎರಡು ತುಂಡು, ಎರಡಕ್ಕೂ ನಂಬರ್. ಸ್ಕರ್ಟಿಂಗ್ ಬಿಚ್ಚಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಹೊಟ್ಟೆಯ ಮೇಲೆ ತೆವಳಿದೆ. ಜೇಡರ ಬಲೆ, ಇಲಿಯ ವಾಸನೆ. ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿದೆ. ಒಂದೊಂದೇ ಅಂಕಿ ಎದ್ದು ಬಂತು. ಪಕ್ಕಕ್ಕೆ ಟಾರ್ಚ್ ತಿರುಗಿಸಿದರೆ ಟೈರ್ ಬಿಚ್ಚಿದ ಅಚ್ಚುಗಳು ಸಾಲಾಗಿ ಕೂತಿವೆ. ಎಂಟು ವರ್ಷ ನಾನು ಮಲಗಿದ್ದು ಗಾಡಿಯ ಮೇಲೆ. ಮುಂದೆ ಎಳೆಯುವ ಮೂಕಿ ಕೂಡ ಹಾಗೇ ಇತ್ತು, ಎತ್ತು ಕಟ್ಟುವುದೊಂದೇ ಬಾಕಿ.

ಮುದುಕನ ಹೆಂಡತಿಯನ್ನು ಹುಡುಕಿ ಸಹಿ ಹಾಕಿಸಿ, ಲೀನ್ ಬಿಡಿಸಿ, ಟೈಟಲ್ ನನ್ನ ಹೆಸರಿಗೆ ಬರುವ ಹೊತ್ತಿಗೆ ಎಂಟು ತಿಂಗಳು. ಅಷ್ಟರಲ್ಲಿ ಅಪ್ಪ ನನಗೆ ಹೇಳದೆ ರಸ್ತೆ ಪಕ್ಕದ ಎರಡು ಎಕರೆ ಮಾರಿದ್ದರು, ಬ್ಯಾರನ್ ಸಮೇತ. "ನಿನಗ್ಯಾಕೆ ತೊಂದರೆ, ನೀನೂ ಮನೆ ಮಾಡಿದೀಯ" ಅಂದರು. ಈಗ ಅಲ್ಲೊಂದು ಕಲ್ಯಾಣ ಮಂಟಪ ಇದೆ. ಊರಿಗೆ ಹೋದರೆ ನಾನು ಆ ರಸ್ತೆ ಬಿಟ್ಟು ಸುತ್ತುಹಾಕಿ ಹೋಗುತ್ತೇನೆ.

ಇದನ್ನೆಲ್ಲ ಹೇಳಿದ್ದು ನೀನು ದುಡ್ಡು ಕೊಡುವ ಮೊದಲೇ ಟೈಟಲ್ ಕೈಯಲ್ಲಿ ಹಿಡಿದು ನೋಡಲಿ ಅಂತ. ಡೀಡ್, ಟೈಟಲ್ ಎರಡೂ ಒಂದೇ ದಿನ ನಿನ್ನ ಹೆಸರಿಗೆ ಆಗಬೇಕು. ಮನೆಯ ಎರಡು ತುಂಡಿನ ಮೇಲೂ ಲೀನ್ ಇಲ್ಲ ಅಂತ ಖಾತ್ರಿ ಮಾಡಿಕೋ.

ಆಮೇಲೆ ಕನ್ವರ್ಷನ್, ಅಂದರೆ ವಾಹನದ ಲೆಕ್ಕದಿಂದ ರಿಯಲ್ ಪ್ರಾಪರ್ಟಿಗೆ ಬದಲಿಸುವುದು. ನಮ್ಮ ಕಡೆ ಸೈಟ್ ಕೊಳ್ಳುವಾಗ "ಕನ್ವರ್ಷನ್ ಆಗಿದ್ಯಾ?" ಅಂತ ಕೇಳುತ್ತೀವಲ್ಲ, ಹೆಚ್ಚುಕಡಿಮೆ ಅದೇ. ಚಕ್ರ, ಅಚ್ಚು, ಮೂಕಿ ಮೂರೂ ತೆಗೆದಿರಬೇಕು. ಮನೆ ಕಾಯಂ ಫೌಂಡೇಶನ್ ಮೇಲೆ ಕೂತಿರಬೇಕು. ನೆಲ ನಿನ್ನದಾಗಿರಬೇಕು, ಇಲ್ಲವೇ ಕನಿಷ್ಠ 20 ವರ್ಷದ ಲೀಸ್ ಇರಬೇಕು. ಇದನ್ನೆಲ್ಲ ಬರೆದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಟೈಟಲ್ ಸಮೇತ ಡಿಎಂವಿಗೆ ಒಪ್ಪಿಸಬೇಕು. ಅವರು ಟೈಟಲ್ ರದ್ದು ಮಾಡಿ, ಹಾಗೆಂದು ಬರೆದು ಅಫಿಡವಿಟ್ ವಾಪಸ್ ಕೊಡುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ಆ ಕಾಗದವನ್ನು ಬೀರುವಿನಲ್ಲಿಟ್ಟರೆ ಏನೂ ಆಗಿಲ್ಲ ಅಂತಲೇ ಅರ್ಥ. ಸ್ಮಿತ್‌ಫೀಲ್ಡ್‌ನ ರಿಜಿಸ್ಟರ್ ಆಫ್ ಡೀಡ್ಸ್ ಆಫೀಸಿನಲ್ಲಿ, ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸ್ ಅನ್ನು, ದಾಖಲು ಮಾಡಿಸಲೇಬೇಕು. ಖರ್ಚು ಕೇಳಿದ್ದೆಯಲ್ಲ, ಕಾಗದಕ್ಕೆ ಕಡಿಮೆ, ಫೌಂಡೇಶನ್‌ಗೆ ಜಾಸ್ತಿ.

ಇನ್ನೊಂದು. ನಿನ್ನದು ಎಚ್‌1ಬಿ. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದೆ ವೀಸಾ ಮೇಲೆ ಇರುವವರಿಗೆ ಎಫ್‌ಎಚ್‌ಎ ಸಾಲ, ಅಂದರೆ ಸರ್ಕಾರ ವಿಮೆ ಕೊಡುವ ಗೃಹಸಾಲ, ಇಲ್ಲ. ಹಾಗಾಗಿ ಬ್ಯಾಂಕಿನ ಮಾಮೂಲಿ ಗೃಹಸಾಲವೇ ಗತಿ, ಅದಕ್ಕೂ ಮನೆ ರಿಯಲ್ ಪ್ರಾಪರ್ಟಿ ಆಗಿರಬೇಕು. ಇಲ್ಲದಿದ್ದರೆ ಸಿಗುವುದು ಚ್ಯಾಟಲ್ ಸಾಲ, ಅಂದರೆ ವಾಹನದ ಸಾಲದ ತಮ್ಮ. ಬಡ್ಡಿ ಜಾಸ್ತಿ, ವಾಯಿದೆ ಕಡಿಮೆ. ಒಂದು ಸಲ ಟೈಟಲ್ ರದ್ದಾದರೆ ಮನೆ ನೆಲಕ್ಕೆ ಅಂಟಿತು, ಕೆಲಸ ಹೋದರೆ ಮನೆ ಮಾತ್ರ ಮಾರುತ್ತೇನೆ ಅನ್ನುವುದು ಸುಲಭವಲ್ಲ. ಅದನ್ನೂ ಮನೆಯವರ ಜೊತೆ ಮಾತಾಡು.

1998ರದ್ದು ಅಂದರೆ ವಯಸ್ಸಿನ ತೊಂದರೆ ಇಲ್ಲ. 1976ರ ಜೂನ್ 15ಕ್ಕಿಂತ ಹಳೆಯದಾಗಿದ್ದರೆ ಹತ್ತಿರವೂ ಹೋಗಬೇಡ ಅನ್ನುತ್ತಿದ್ದೆ, ಇಂಥ ಮನೆಗಳಿಗೆ ಹಡ್, ಅಂದರೆ ಇಲ್ಲಿನ ಕೇಂದ್ರ ವಸತಿ ಇಲಾಖೆಯ, ನಿಯಮ ಬಂದದ್ದೇ ಅವತ್ತು. ಮನೆಯ ಹಿಂತುದಿಯ ಹೊರಗೋಡೆಯ ಮೇಲೆ ಅಂಗೈಗಿಂತ ಚಿಕ್ಕದಾದ ಕೆಂಪು ತಗಡಿನ ಬಿಲ್ಲೆ ಇರುತ್ತದೆ, ಎರಡು ತುಂಡಿಗೂ ಒಂದೊಂದು. ಯಾರಾದರೂ ಸೈಡಿಂಗ್, ಅಂದರೆ ಹೊರಗೋಡೆಯ ಹೊದಿಕೆ, ಬದಲಿಸುವಾಗ ಕಿತ್ತು ಬಿಸಾಕಿದ್ದಾರಾ ನೋಡು. ಒಳಗೆ ಅಡಿಗೆಮನೆ ಕಪಾಟಿನ ಬಾಗಿಲ ಹಿಂದೆಯೋ, ಕರೆಂಟ್ ಪ್ಯಾನೆಲ್ ಪಕ್ಕದಲ್ಲೋ ಡೇಟಾ ಪ್ಲೇಟ್ ಅಂತ ಒಂದು ಕಾಗದ ಅಂಟಿಸಿರುತ್ತಾರೆ. ಅದರ ಫೋಟೋ ತೆಗೆದುಕೋ.

ಅಡ್ವಾನ್ಸ್ ಮಾತ್ರ ಇನ್ನೂ ಕೊಡಬೇಡ. ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ. ಟಾರ್ಚ್, ವೈರ್ ಬ್ರಷ್ ನನ್ನ ಹತ್ತಿರ ಇವೆ. ನೀನು ಹಳೇ ಪ್ಯಾಂಟ್ ಹಾಕಿಕೊಂಡು ಬಾ, ಕೆಳಗೆ ನುಗ್ಗಬೇಕಾದವನು ನೀನು. ನನಗೀಗ ಮಂಡಿ ಮಡಚಲು ಬರುವುದಿಲ್ಲ.