ನಿಮ್ಮ ‘ಸಿಳ್ಳೆ ಬಾತು’ ಲೇಖನದ ಬಗ್ಗೆ

ನಮಸ್ಕಾರ.

ಊರ ಕೆರೆಯ ಸಿಳ್ಳೆ ಬಾತಿನ ಮೇಲೆ ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಪುಟದ ತುಂಬ ‘ಪ್ರಕೃತಿಮಾತೆಯ ಮಡಿಲು’, ‘ನಿಸರ್ಗದ ವಿಸ್ಮಯ’. ಹಕ್ಕಿ ಮಾತ್ರ ಎಲ್ಲೂ ಇಲ್ಲ. ಅದನ್ನೆಲ್ಲ ತೆಗೆದುಹಾಕಿ. 1821ರಲ್ಲಿ ಹಾರ್ಸ್‌ಫೀಲ್ಡ್ ಎಂಬ ಜೀವವಿಜ್ಞಾನಿ ಈ ಹಕ್ಕಿಯ ವೈಜ್ಞಾನಿಕ ಹೆಸರಿಗೆ ಜಾವಾ ದ್ವೀಪದ ಹೆಸರು ಸೇರಿಸಿದ ಕಥೆಗೆ ಒಂದು ಸಾಲು ಸಾಕು.

‘ಸೈಬೀರಿಯಾದಿಂದ ಬರುವ ಚಳಿಗಾಲದ ಅತಿಥಿ’ ಎಂದಿದ್ದೀರಿ. ಅಲ್ಲ. ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನ ಬದುಕೇ ಬೇರೆ. ಸಿಳ್ಳೆ ಬಾತು ನಮ್ಮಲ್ಲೇ ಹುಟ್ಟಿ ನಮ್ಮಲ್ಲೇ ಮರಿ ಮಾಡುವ ಹಕ್ಕಿ. ನೀರು ಏರಿಳಿದಂತೆ ಕೆರೆ ಬದಲಿಸುತ್ತದೆ, ಅಷ್ಟೆ. ಕೋಲ್ಕತ್ತಾ ಪಕ್ಕದ ಸಾಂತ್ರಾಗಾಚಿ ಕೆರೆಯಲ್ಲಿ ಚಳಿಗಾಲದಲ್ಲಿ ಇವು ಸಾವಿರಗಟ್ಟಲೆ ಸೇರುತ್ತವೆ, ನಿಜ. ದೊಡ್ಡ ಗುಂಪು ಕಂಡ ಮಾತ್ರಕ್ಕೆ ಪರದೇಶದ್ದಾಗುವುದಿಲ್ಲ.

‘ಬಣ್ಣಬಣ್ಣದ ಗಂಡು, ಒಬ್ಬಳೇ ಕಾವು ಕೂರುವ ತಾಯಿ’ ಎಂಬ ಮಾತು ಇನ್ನೂ ದೊಡ್ಡ ತಪ್ಪು. ಬೇರೆ ಎಷ್ಟೋ ಬಾತುಗಳ ವಿಷಯದಲ್ಲಿ ಅದು ಸರಿ, ಇದರಲ್ಲಿ ಅಲ್ಲ. ಇಲ್ಲಿ ಗಂಡು ಹೆಣ್ಣು ಎರಡೂ ಒಂದೇ ಕಂದು ಬಣ್ಣ, ನೋಡಿದರೆ ಬೇರೆ ತಿಳಿಯುವುದಿಲ್ಲ. ಮೂರು ವಾರಕ್ಕೂ ಮಿಕ್ಕಿ ಇಬ್ಬರೂ ಸರದಿಯ ಮೇಲೆ ಕಾವು ಕೂರುತ್ತವೆ, ಮರಿಗಳನ್ನೂ ಇಬ್ಬರೂ ಸಾಕುತ್ತವೆ. ನನಗೆ ಈ ಹಕ್ಕಿಯಲ್ಲಿ ತುಂಬ ಇಷ್ಟವಾದದ್ದೇ ಇದು. ನೀವು ಅದನ್ನೇ ಅಳಿಸಿಬಿಟ್ಟಿದ್ದೀರಿ! ಗೂಡಿನ ಬಗ್ಗೆಯೂ ಒಂದು ಮಾತಿಲ್ಲ. ಮಳೆಗಾಲದಲ್ಲಿ ಮರದ ಪೊಟರೆಯಲ್ಲಿ, ಹದ್ದೋ ಕಾಗೆಯೋ ಬಿಟ್ಟುಹೋದ ಗೂಡಿನಲ್ಲಿ, ಇಲ್ಲವೇ ನೀರಂಚಿನ ಜೊಂಡಿನ ನಡುವೆ ನೆಲದ ಮೇಲೆ ಇದು ಮೊಟ್ಟೆಯಿಡುತ್ತದೆ. ‘ಕೆರೆಗಳನ್ನು ಉಳಿಸೋಣ’ ಎಂಬ ನಿಮ್ಮ ಕೊನೆಯ ಕರೆ ಯಾರಿಗೂ ತಟ್ಟುವುದಿಲ್ಲ. ಏರಿಯ ಹಳೆಯ ಮರ ಕಡಿದು, ಜೊಂಡು ಬಳಿದು, ಸುತ್ತ ಕಲ್ಲು ಕಟ್ಟಿದರೆ ಕೆರೆಯಲ್ಲಿ ನೀರು ತುಂಬಿದ್ದರೂ ಈ ಜೋಡಿಗೆ ಗೂಡಿಗೆ ಜಾಗವಿಲ್ಲ. ಹಾಗೆ ಬರೆಯಿರಿ.

ಮೂರನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಕತ್ತಲಾಗುತ್ತಿದ್ದಂತೆ ಗುಂಪು ಸಿಳ್ಳೆ ಹಾಕುತ್ತ ಏರಿ ದಾಟಿ ಗದ್ದೆ ಕಡೆ ಹೋಯಿತು.’ ಇದನ್ನು ನೀವೇ ಕಂಡಿದ್ದೀರಿ. ಲೇಖನ ಇಲ್ಲಿಂದ ಶುರುವಾಗಲಿ. ಹಗಲೆಲ್ಲ ತೂಕಡಿಸುವ ಈ ಹಕ್ಕಿ ಮೇಯುವುದು ಹೆಚ್ಚಾಗಿ ರಾತ್ರಿ: ಭತ್ತದ ಕಾಳು, ಎಳೆ ಚಿಗುರು, ಬಸವನಹುಳು, ಸಣ್ಣ ಮೀನು. ಆ ಗದ್ದೆಯ ರೈತರನ್ನು ಮಾತನಾಡಿಸಿ. ಅವರ ದೂರನ್ನೂ ಮರೆಮಾಚದೆ ಬರೆಯಿರಿ.

ಜೊತೆಗಿಟ್ಟ ಫೋಟೊ ಬದಲಿಸಿ. ಕೊಕ್ಕಿನ ತುದಿ ಹಳದಿಯಿದೆ, ಅದು ಚುಕ್ಕೆ ಕೊಕ್ಕಿನ ಬಾತು.

ವಿಶ್ವಾಸದಿಂದ,
ಸಂಪಾದಕ