ತೂಕಡಿಕೆಗೆ ಬೆತ್ತ ಮದ್ದಲ್ಲ

ಕೊಡಗಿನ ಸಿದ್ದಾಪುರ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: "ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾರೆ. ಹೋಮ್‌ವರ್ಕ್ ಮಾಡಿ ತರುವವರು ಬೆರಳೆಣಿಕೆ. ಗದರಿಸಿದರೆ ಎದುರುತ್ತರ, ಕೈಯೆತ್ತಿದರೆ ಮರುದಿನ ಪೋಷಕರು ಬಾಗಿಲಲ್ಲಿ. ರಾತ್ರಿಯೆಲ್ಲ ಮೊಬೈಲ್. ನಮ್ಮ ಕಾಲದಲ್ಲಿ ಬೆತ್ತ ತೋರಿಸಿದರೆ ಸಾಕಿತ್ತು. ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಮಾತ್ರ ನನಗೆ. ಈ ಮಕ್ಕಳನ್ನು ಏನು ಮಾಡುವುದು? ನೋಟಿಸಿಗೆ ಏನೆಂದು ಬರೆಯುವುದು?"

ಮೇಷ್ಟ್ರೇ,

ನಿಮ್ಮ ದೂರುಗಳಲ್ಲಿ ಎದುರುತ್ತರವೊಂದನ್ನು ಬಿಟ್ಟರೆ ಉಳಿದವಕ್ಕೂ ಶಿಸ್ತಿಗೂ ಸಂಬಂಧ ಕಡಿಮೆ. ತೂಕಡಿಕೆ ಗಂಟೆಗಳ ಲೆಕ್ಕ. ಹೋಮ್‌ವರ್ಕ್ ಐದು, ಆರನೇ ತರಗತಿಯಲ್ಲೇ ಬಾಕಿ ಉಳಿದ ಪಾಠದ ಲೆಕ್ಕ. ನೀವು ಗಣಿತದವರು, ಬೈಯುವ ಮೊದಲು ಎಣಿಸಿ ನೋಡಿ ಎಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇವೆ.

ನಿದ್ದೆಯಿಂದ ಶುರು ಮಾಡೋಣ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಪ್ರಾಯಕ್ಕೆ ಬರುವ ಹೊತ್ತಿಗೆ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ. ಹತ್ತನೇ ವಯಸ್ಸಿನಲ್ಲಿ ಒಂಬತ್ತಕ್ಕೇ ಮಲಗುತ್ತಿದ್ದ ಮಗುವಿಗೆ ಹದಿನೈದರಲ್ಲಿ ಹತ್ತೂವರೆ, ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಇದು ದೇಹದ ಕೆಲಸ, ಮೊಬೈಲ್ ಇಲ್ಲದ ಮನೆಯಲ್ಲೂ ನಡೆಯುತ್ತದೆ.

ಈಗ ಮಾಲ್ದಾರೆ ಕಡೆಯ ಒಂದು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಬೆಳಗನ್ನು ಲೆಕ್ಕ ಹಾಕಿ. ಬಸ್ಸು ಏಳೂವರೆಗೆ ಎಂದಿಟ್ಟುಕೊಳ್ಳಿ, ಸ್ಟಾಪಿಗೆ ಎರಡು ಕಿಲೋಮೀಟರ್. ತೋಟದೊಳಗೆ ಆನೆ ಇರುವಾಗ ಬೆಳಕು ಹರಿಯದೆ, ನಾಲ್ಕು ಜನ ಜೊತೆಯಾಗದೆ ಹೊರಡುವ ಹಾಗಿಲ್ಲ. ಅಮ್ಮ ಎಂಟಕ್ಕೆ ಕೆಲಸದಲ್ಲಿರಬೇಕು. ನೀರು ತುಂಬುವುದು, ತಮ್ಮನನ್ನು ಎಬ್ಬಿಸಿ ಹೊರಡಿಸುವುದು ದೊಡ್ಡ ಮಗಳ ಪಾಲು. ಐದೂವರೆಗೆ ಏಳದೆ ವಿಧಿಯಿಲ್ಲ. ಹನ್ನೊಂದಕ್ಕೆ ನಿದ್ದೆ ಹತ್ತಿದರೆ ಸಿಕ್ಕಿದ್ದು ಆರೂವರೆ ಗಂಟೆ. ಎಂಟು ಗಂಟೆಗೆ ಒಂದೂವರೆ ಕಡಿಮೆ. ವಾರದ ಆರು ದಿನಕ್ಕೆ ಒಂಬತ್ತು ಗಂಟೆ, ಅಂದರೆ ಪೂರ್ತಿ ಒಂದು ರಾತ್ರಿಯ ನಿದ್ದೆ ಖೋತಾ. ಭಾನುವಾರ ಹನ್ನೊಂದರವರೆಗೆ ಮಲಗಿ ಅದನ್ನು ತುಂಬಿಸಲು ಹೋದರೆ ಆ ರಾತ್ರಿ ನಿದ್ದೆ ಇನ್ನೂ ತಡವಾಗುತ್ತದೆ. ಸೋಮವಾರ ಮೊದಲ ಪೀರಿಯಡ್ ನಿಮ್ಮದಾಗಿದ್ದರೆ ಅದರ ಫಲ ಉಣ್ಣುವವರು ನೀವೇ.

ಎಲ್ಲ ಮಕ್ಕಳ ಕತೆಯೂ ಇದೇ ಎಂದು ನಾವು ಹೇಳುವುದಿಲ್ಲ. ಯಾರದು ಇದು, ಯಾರದು ಮೊಬೈಲ್ ಎಂದು ಬೇರ್ಪಡಿಸಲು ಒಂದು ವಾರ ಸಾಕು. ಪ್ರತಿ ಮಗುವಿಗೂ ಒಂದು ಹಾಳೆ, ದಿನಕ್ಕೊಂದು ಸಾಲು, ಸಾಲಿಗೆ ಗಂಟೆಗೊಂದರಂತೆ 24 ಚೌಕ. ನಿದ್ದೆಗೆ 'ನಿ', ದಾರಿಗೆ 'ದಾ', ಮನೆಗೆಲಸಕ್ಕೆ 'ಕೆ', ಶಾಲೆಗೆ 'ಶಾ', ಓದಿಗೆ 'ಓ', ಮೊಬೈಲಿಗೆ 'ಮೊ'. ಹಿಂದಿನ ದಿನದ್ದನ್ನು ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲೇ ಬರೆಸಿ. ಶನಿವಾರ ಕೂತು ಇಡೀ ವಾರದ್ದು ಬರೆದರೆ ಅದು ಕಟ್ಟುಕತೆ. 'ಮೊ' ಬರೆದವನನ್ನು ಒಂದು ಸಲ ಗದರಿಸಿದರೂ ಮುಗಿಯಿತು, ಮರುದಿನದಿಂದ ಎಲ್ಲರ ಹಾಳೆಯಲ್ಲೂ 'ಓ' ತುಂಬಿರುತ್ತದೆ. ಹಾಳೆಗಳು ನಿಮ್ಮ ಕೈಬಿಟ್ಟು ಹೋಗಬಾರದು. ವಾರದ ಕೊನೆಗೆ ಎರಡು ಕಟ್ಟು ಮಾಡಿ: ಮಲಗಬಹುದಾಗಿದ್ದೂ ಮಲಗದವರು, ಮಲಗಲು ಸಮಯವೇ ಇಲ್ಲದವರು. ಮೊದಲ ಕಟ್ಟಿನ ಮನೆಗಳಿಗೆ ಫೋನ್ ಮಾಡಿ, ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಡಿ ಎಂದರೆ ಅರ್ಧ ಕೆಲಸ ಆದಂತೆ. ಎರಡನೇ ಕಟ್ಟಿಗೆ ಆ ಮಾತು ಹೇಳಿ ಪ್ರಯೋಜನವಿಲ್ಲ; ಅವರಿಗೆ ಹೋಮ್‌ವರ್ಕನ್ನು ಶಾಲೆಯಲ್ಲೇ ಮುಗಿಸಲು ಸಮಯ ಕೊಡಬೇಕು.

ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ಇಡುವ ಶಾಲೆಗಳು ಈ ಹಾಳೆಗಳನ್ನು ನೋಡಿದ ಮೇಲೆ ಇನ್ನೊಮ್ಮೆ ಯೋಚಿಸಲಿ. ಮೊದಲೇ ಆರೂವರೆ ಗಂಟೆ ಮಲಗಿದವರಿಂದ ಇನ್ನೊಂದು ಗಂಟೆ ಕಿತ್ತುಕೊಂಡು ಕಲಿಸಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಸಂಜೆ ಆರರವರೆಗೆ ಇಟ್ಟರೆ ಬಸ್ಸು ತಪ್ಪುತ್ತದೆ, ಕತ್ತಲಲ್ಲಿ ಆನೆ ದಾರಿ. ಶಾಲಾ ಅವಧಿಯೊಳಗೆ 40 ನಿಮಿಷ ಸಿಕ್ಕರೆ ಅದೇ ಲಾಭ.

ಹುಡುಗಿಯರ ತೂಕಡಿಕೆಗೆ ರಕ್ತಹೀನತೆಯನ್ನೂ ಅನುಮಾನಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ದಾರಿಯಲ್ಲಿ ಎಸೆಯುವುದಕ್ಕೆ ಕಾರಣ ಎರಡು: ಖಾಲಿ ಹೊಟ್ಟೆಗೆ ನುಂಗಿ ಒಮ್ಮೆ ಹೊಟ್ಟೆ ತೊಳೆಸಿರುತ್ತದೆ, ಇಲ್ಲವೇ ಮಲ ಕಪ್ಪಾದದ್ದು ಕಂಡು ಹೆದರಿರುತ್ತಾರೆ. ಬಿಸಿಯೂಟ ಆದ ಮೇಲೆ, ನಿಮ್ಮೆದುರೇ ನುಂಗಿಸಿ. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿ. ನಮ್ಮ ಜಿಲ್ಲೆಯಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕಾಫಿ, ಟೀ ಎರಡೂ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ. ಮಾತ್ರೆಗೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ. ಬೆಲ್ಲ ಹಾಕಿದ ಕರಿ ಕಾಫಿಯಾದರೂ ಅಷ್ಟೇ.

ಇನ್ನು ಹೋಮ್‌ವರ್ಕ್. ಮಾಡದವರಲ್ಲಿ ಬಹಳಷ್ಟು ಮಂದಿಗೆ ಅದು ಬರುವುದಿಲ್ಲ, ವಿಷಯ ಅಷ್ಟೇ. ಬರುವುದಿಲ್ಲ ಎನ್ನುವುದಕ್ಕಿಂತ ಮಾಡಿಲ್ಲ ಎನ್ನುವುದು ಹದಿನೈದರ ಹುಡುಗನಿಗೆ ಮರ್ಯಾದೆಯ ಮಾತು. ಒಂದು ಪೀರಿಯಡ್‌ನಲ್ಲಿ ಹತ್ತು ಲೆಕ್ಕ ಕೊಡಿ, ಎಲ್ಲವೂ ಎಂಟನೇ ತರಗತಿಯೊಳಗಿನವು: 503ರಿಂದ 168 ಕಳೆಯುವುದು; 840ನ್ನು 7ರಿಂದ ಭಾಗಿಸುವುದು; 1/2 + 1/3; 0.3 × 0.2; −5 + 3; −5 − 3; 15ರಲ್ಲಿ ಶೇಕಡ 20; ಒಂದು ಸರಳ ಸಮೀಕರಣ; ಆವರಣ ಬಿಡಿಸುವುದೊಂದು; ಎರಡು ವಾಕ್ಯದ ಮಾತಿನ ಲೆಕ್ಕವೊಂದು. ಅಂಕ ಹಾಕಬೇಡಿ, ತಪ್ಪು ಯಾವ ಬಗೆಯದು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. 840 ಭಾಗಿಸಿ 12 ಬರೆದವನು ಸೊನ್ನೆಯ ಸ್ಥಾನ ಬಿಟ್ಟಿದ್ದಾನೆ. 2/5 ಎಂದು ಬರೆದವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ; ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆಯಲ್ಲ ಎಂದು ಅವಳಿಗೆ ಹೊಳೆದಿಲ್ಲ. −5 + 3ಕ್ಕೆ −8 ಬರೆಯುವವರು ತರಗತಿಯಲ್ಲಿ ಧಾರಾಳವಾಗಿ ಸಿಗುತ್ತಾರೆ. 'ಮೈನಸ್ ದೊಡ್ಡದಿದ್ದರೆ ಉತ್ತರ ಮೈನಸ್' ಎಂಬ ಸೂತ್ರದ ಅರ್ಧ ಮಾತ್ರ ಅವರಿಗೆ ನೆನಪಿದೆ, ಉಳಿದರ್ಧಕ್ಕೆ ಕೂಡಿಸಿಬಿಟ್ಟಿದ್ದಾರೆ.

ಈ ಒಂದು ಚಿಹ್ನೆಯ ತಪ್ಪು ಹತ್ತನೇ ತರಗತಿಯಲ್ಲಿ ಎಲ್ಲೆಲ್ಲಿ ಹೊಡೆಯುತ್ತದೆ ನೋಡಿ. ಸಮಾಂತರ ಶ್ರೇಢಿ ಏರುವವರೆಗೆ ಸರಿ, ಇಳಿಯತೊಡಗಿದ ಕೂಡಲೇ ಉತ್ತರ ತಪ್ಪು. ವರ್ಗ ಸಮೀಕರಣದಲ್ಲಿ ಮಧ್ಯಪದ ಒಡೆಯುವಾಗ ತಪ್ಪು. ನಿರ್ದೇಶಾಂಕ ರೇಖಾಗಣಿತದಲ್ಲಿ ಎರಡು ಬಿಂದುಗಳ ದೂರ ಕಾಣುವಾಗ ತಪ್ಪು. ನೀವು ಮೂರು ಪಾಠವನ್ನೂ ಚೆನ್ನಾಗಿಯೇ ಮಾಡಿದ್ದೀರಿ, ಮಗು ಮೂರರಲ್ಲೂ ಬಿದ್ದಿದೆ, ಕಾರಣ ಆರು, ಏಳನೇ ತರಗತಿಯದು.

ಆರು ವಾರ, ಪ್ರತಿ ಪೀರಿಯಡ್‌ನ ಮೊದಲ 12 ನಿಮಿಷ ಇದಕ್ಕೆ ತೆಗೆದಿಡಿ. ವಾರಕ್ಕೆ ಒಂದೇ ಬಗೆಯ ತಪ್ಪು, ದಿನಕ್ಕೆ ಆರು ಲೆಕ್ಕ. ಬಲ್ಲವರೊಡನೆ ಬಾರದವರನ್ನು ಜೋಡಿ ಕೂರಿಸಿ, ಪೆನ್ನು ಮಾತ್ರ ಬಾರದವರ ಕೈಯಲ್ಲೇ ಇರಲಿ. ಇಲ್ಲದಿದ್ದರೆ ಬಲ್ಲವನೇ ಮಾಡಿ ಮುಗಿಸುತ್ತಾನೆ. ಚಿಹ್ನೆಗೆ ಸಂಖ್ಯಾರೇಖೆಯನ್ನೇ ಎಳೆಸಿ, ಸೂತ್ರವನ್ನು ಮತ್ತೆ ಬಾಯಿಪಾಠ ಮಾಡಿಸಬೇಡಿ. ಹೋಮ್‌ವರ್ಕ್ ಮೂರೇ ಲೆಕ್ಕ: ಎರಡು ಆ ವಾರದ ತಪ್ಪಿನದು, ಒಂದು ಅಂದಿನ ಪಾಠದ್ದು. ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಮೂರರದ್ದೂ ಮೊದಲ ಹೆಜ್ಜೆ ತರಗತಿಯಲ್ಲೇ ಬರೆಸಿ. ಶುರುವಾದದ್ದನ್ನು ಮುಗಿಸಿ ತರುವವರು ಖಾಲಿ ಹಾಳೆ ಒಯ್ದವರಿಗಿಂತ ಹೆಚ್ಚು. ಸಿಲೆಬಸ್ ಹಿಂದೆ ಬೀಳುತ್ತದೆ ಎನ್ನುತ್ತೀರಿ. ಬೀಳುತ್ತದೆ. ಅಡಿಪಾಯವಿಲ್ಲದೆ ಮುಗಿಸಿದ ಸಿಲೆಬಸ್ ನಿಮ್ಮ ವರದಿಯಲ್ಲಿ ಮಾತ್ರ ಮುಗಿದಿರುತ್ತದೆ.

ಮಾತಿನ ಲೆಕ್ಕದಲ್ಲಿ ಎಡವುವವರನ್ನು ಬೇರೆಯಾಗಿ ನೋಡಿ. ನಮ್ಮ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ, ಕುರುಬ, ತಮಿಳು ಮನೆಮಾತಿನವರಿರುತ್ತಾರೆ. ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಕ್ಕಳೂ ಈಗ ಬಂದು ಕೂತಿದ್ದಾರೆ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕ ಭಾಷೆ. ಗಟ್ಟಿಯಾಗಿ ಓದು ಎಂದಾಗ ಪೆನ್ನು ಬೀಳಿಸುವವನು, ಪಕ್ಕದವನ ಮೇಲೆ ಜಗಳ ತೆಗೆಯುವವನು, ಹೊರಗೆ ಹೋಗು ಎನ್ನಿಸಿಕೊಂಡು ನೆಮ್ಮದಿಯಾಗಿ ಹೊರಡುವವನು ಓದಲು ಬಾರದ್ದನ್ನು ಮುಚ್ಚಿಡುತ್ತಿರಬಹುದು. ಊಟದ ಹೊತ್ತಿನಲ್ಲಿ ಒಬ್ಬನನ್ನೇ ಕರೆದು ಅರ್ಧ ಪುಟ ಓದಿಸಿದರೆ ತಿಳಿಯುತ್ತದೆ. ನಿಮ್ಮ ಎದುರುತ್ತರದ ಹುಡುಗರಲ್ಲಿ ಒಂದಿಬ್ಬರು ಇಲ್ಲೇ ಸಿಕ್ಕಿಬಿಡುತ್ತಾರೆ.

ಉಳಿದ ಎದುರುತ್ತರಕ್ಕೆ ಮದ್ದು, ಎಲ್ಲರೆದುರು ಗದರಿಸದಿರುವುದು. ಈ ವಯಸ್ಸಿನಲ್ಲಿ ಸಹಪಾಠಿಗಳ ಮುಂದೆ ಸೋಲಲು ಯಾರೂ ತಯಾರಿಲ್ಲ. ಬೆಂಚಿನವರು ನೋಡುತ್ತಿರುವಾಗ ಅವನು ಉತ್ತರ ಕೊಟ್ಟೇ ಕೊಡುತ್ತಾನೆ. 'ಊಟಕ್ಕೆ ಮೊದಲು ಎರಡು ನಿಮಿಷ ಬಂದು ಹೋಗು' ಎಂದು ಮೆಲ್ಲಗೆ ಹೇಳಿ ಪಾಠ ಮುಂದುವರಿಸಿ. ಶಿಕ್ಷೆ ಚಿಕ್ಕದಿರಲಿ, ತಪ್ಪದಿರಲಿ. ನೂರು ಸಲ ಬರೆಸುವುದರಿಂದ ಅಕ್ಷರ ಕೆಡುತ್ತದೆ, ಬೇರೇನೂ ಆಗುವುದಿಲ್ಲ. ಪೋಷಕರನ್ನು ಕರೆಸುವುದೆಂದರೆ ಅವರ ಒಂದು ದಿನದ ಕೂಲಿ. ಸಂತೆಯ ದಿನ ಪೇಟೆಗೆ ಬಂದಾಗ ಸಿಗಿ. ಬೆತ್ತದ ಮಾತಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಮುಗಿದಿದೆ, ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಕಿರುಕುಳಕ್ಕೂ ಅಲ್ಲಿ ನಿಷೇಧವಿದೆ. 14 ದಾಟಿದವರಿಗೆ ಆ ಕಾಯ್ದೆ ಇಲ್ಲ ಎಂದು ವಾದಿಸುವವರು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಓದಲಿ, ಅದು 18 ತುಂಬುವವರೆಗೂ ಅನ್ವಯಿಸುತ್ತದೆ.

ಮೊಬೈಲ್ ಬಗ್ಗೆ ಎಲ್ಲರೂ ಬರೆದಾಗಿದೆ, ನಮ್ಮದು ಎರಡೇ ಮಾತು. ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಮ್‌ವರ್ಕ್ ಹಾಕುವ ಶಾಲೆ, ಮಗು ಮೊಬೈಲ್ ಬಿಡುವುದಿಲ್ಲ ಎಂದು ದೂರುವ ಹಾಗಿಲ್ಲ. ಸಿಗ್ನಲ್ ಹುಡುಕಿ ರಸ್ತೆ ತಿರುವಿನಲ್ಲಿ ಕೂರುವುದಕ್ಕೆ ನಾವೇ ನೆವ ಕೊಟ್ಟಂತೆ. ಡೈರಿಯಲ್ಲಿ ಬರೆಸಿ. ಎರಡನೆಯದು, ಯಾರದಾದರೂ ಖಾಸಗಿ ಫೋಟೋ ಹರಿದಾಡುತ್ತಿದೆ ಎಂದು ತಿಳಿದರೆ 'ಸಾಕ್ಷಿಗೆ' ಎಂದು ನಿಮ್ಮ ಫೋನಿಗೆ ಕಳುಹಿಸಿಕೊಳ್ಳಬೇಡಿ. ಮಗುವಿನ ಅಂಥ ಚಿತ್ರ ಇಟ್ಟುಕೊಳ್ಳುವುದೂ ಕಳುಹಿಸುವುದೂ ಅಪರಾಧ. ಲೈಂಗಿಕ ದೌರ್ಜನ್ಯ ತಿಳಿದ ಮೇಲೆ ಶಾಲೆಯೊಳಗೇ ರಾಜಿ ಮಾಡಿ ಮುಗಿಸಲು ಪೋಕ್ಸೋ ಕಾಯ್ದೆ ಬಿಡುವುದಿಲ್ಲ, ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ದೂರಿಗೆ 1930.

ಗಲಾಟೆಯವನ ಗದ್ದಲದಲ್ಲಿ ಸದ್ದಿಲ್ಲದೆ ಹಿಂದೆ ಸರಿಯುವ ಮಗುವನ್ನು ಮರೆಯುತ್ತೇವೆ. ಊಟ ಬಿಡುವುದು, ಗೆಳತಿಯರಿಂದ ದೂರವಾಗುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಬಳಿ ಕೂರಿಸಿಕೊಂಡು 'ಸಾಯಬೇಕು ಅನ್ನಿಸುತ್ತಿದೆಯಾ?' ಎಂದೇ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ ತಿಳಿಸಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಯಾವ ಹೊತ್ತಿನಲ್ಲೂ ಮಾತಾಡಬಹುದು.

ಕೊನೆಗೆ ನೋಟಿಸ್. ಉತ್ತರದ ತಯಾರಿ ಜೂನ್‌ನಲ್ಲೇ ಆಗಬೇಕು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ, ಜನವರಿಯಿಂದ ರೋಬಸ್ಟಾ ಕಾಫಿ ಕುಯ್ಲಿಗೆ ಲೈನ್ ಮಕ್ಕಳ ಹಾಜರಿ ಇಳಿಕೆ. ಗಟ್ಟಿಯಾಗಿ ಕಲಿಸಲು ಸಿಗುವುದು ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಿಂದ ಸುಗ್ಗಿಹಬ್ಬ ಹುತ್ತರಿವರೆಗಿನ ಮೂರು ತಿಂಗಳು. ಕಷ್ಟದ ಪಾಠಗಳು ಅಲ್ಲಿಗೆ ಬರುವಂತೆ ವಾರ್ಷಿಕ ಯೋಜನೆ ಹಾಕಿಕೊಳ್ಳಿ. ಅದಕ್ಕೂ ಕತ್ತರಿ ಬೀಳುತ್ತದೆ: 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋದದ್ದರಿಂದ ಸರ್ಕಾರಿ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತ್ತು. ಇಲಾಖೆಯವರೂ ಒಂದು ನೆನಪಿಟ್ಟುಕೊಳ್ಳಲಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಕಣ್ಗಾವಲು) ಬಂದ 2024ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶವೇ ಶೇ. 83.89ರಿಂದ 73.40ಕ್ಕೆ ಇಳಿಯಿತು, ಹಳೆಯ ಅಂಕಿಗೆ ಹೋಲಿಸಿ ಒಬ್ಬ ಮೇಷ್ಟ್ರನ್ನು ಹಿಡಿಯುವುದು ನ್ಯಾಯವಲ್ಲ. ಮೊದಲ ಪರೀಕ್ಷೆಯಲ್ಲಿ ಬಿದ್ದವರು ಅದೇ ವರ್ಷ ಮತ್ತೆ ಬರೆಯಬಹುದು. ಮಕ್ಕಳಿಗೆ ಇದನ್ನು ಪರೀಕ್ಷೆಗೆ ಮೊದಲೇ ಹೇಳಿರಿ.

ನಿಮ್ಮ ಉತ್ತರ ಒಂದೇ ಪುಟ ಸಾಕು, ಜೊತೆಗೆ ನಾಲ್ಕು ಹಾಳೆ ಲಗತ್ತಿಸಿ: ತಿಂಗಳುವಾರು ಹಾಜರಿ; ಮಳೆ ರಜೆಯ ದಿನಗಳು ಮತ್ತು ಅವನ್ನು ತುಂಬಿಸಿದ ಶನಿವಾರ, ಭಾನುವಾರಗಳು; ನೀವು ಅನ್ಯ ಕರ್ತವ್ಯಕ್ಕೆ ಹೋದ ದಿನಗಳು, ಆದೇಶದ ಸಂಖ್ಯೆ ಸಮೇತ; ಹತ್ತು ಲೆಕ್ಕದ ಪರೀಕ್ಷೆಯಲ್ಲಿ ಜೂನ್‌ನಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಸರಿಯಾಗಿತ್ತು, ಡಿಸೆಂಬರ್‌ನಲ್ಲಿ ಎಷ್ಟು ಎಂಬ ಪಟ್ಟಿ. ಪ್ರತಿ ತಿಂಗಳ ಕೊನೆಗೆ ಮುಖ್ಯ ಶಿಕ್ಷಕರ ಸಹಿ, ದಿನಾಂಕ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ. ಮಾರ್ಚ್‌ನಲ್ಲಿ ಕೂತು ಬರೆದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

– ಸಂಪಾದಕರು