ಪೊಟ್ಟಣದ ಹಿಂಬದಿಗೂ ಕನ್ನಡ ಬೇಕು

ಸಂಪಾದಕರೇ,

ಹೆಂಡತಿ ಬೆಳಿಗ್ಗೆ ಏಳಕ್ಕೇ ಡ್ಯೂಟಿಗೆ ಹೊರಡುವುದರಿಂದ ಮಕ್ಕಳ ಡಬ್ಬಿ ಕಟ್ಟುವ ಕೆಲಸ ನನ್ನದು. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಈಚೆಗೆ ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಓದುತ್ತಿದ್ದೇನೆ. ಒಳಗೆ ಬೆರೆಸಿದ ಬಣ್ಣ, ಸಂರಕ್ಷಕಗಳ ಹೆಸರಿನ ಬದಲು 102, 110, 211, 330, 631 ಅಂತ ಬರೀ ಸಂಖ್ಯೆಗಳು. ಅಕ್ಕ ಕಳಿಸಿದ ವಾಟ್ಸಾಪ್ ಪಟ್ಟಿಯ ಪ್ರಕಾರ ಎಲ್ಲವೂ ವಿಷವೇ. ಹುಟ್ಟುಹಬ್ಬದ ಮನೆಯಲ್ಲಿ ಬಣ್ಣದ ಕೇಕು, ಜ್ಯೂಸು ಮುಗಿಸಿ ಬಂದ ರಾತ್ರಿ ಮಗ ಹನ್ನೊಂದಾದರೂ ಮಲಗುವುದಿಲ್ಲ. ಅಮ್ಮ ‘ನೀವೆಲ್ಲ ಇದನ್ನೇ ತಿಂದು ಬೆಳೆದವರಲ್ಲವಾ’ ಅನ್ನುತ್ತಾರೆ. ಆಫೀಸಿನವರು ‘ಸರ್ಕಾರ ವಿಷ ಮಾರೋಕೆ ಬಿಡುತ್ತಾ’ ಎಂದು ನಗುತ್ತಾರೆ. ನಾನು ಅತಿ ಮಾಡುತ್ತಿದ್ದೇನೆಯೇ? ಪೊಟ್ಟಣದ ತಿಂಡಿಯನ್ನು ಪೂರ್ತಿ ನಿಲ್ಲಿಸಿಬಿಡಲೇ?

– ಒಬ್ಬ ಅಪ್ಪ, ಶಿವಮೊಗ್ಗ

ಸಂಪಾದಕರ ಉತ್ತರ

ಮಕ್ಕಳ ಊಟ-ತಿಂಡಿಯ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಗಂಡಸರದ್ದು ತೀರಾ ಅಪರೂಪ. ಅಪ್ಪಂದಿರು ಬರೆಯುವುದು ಶಾಲೆಯ ಫೀಸಿನ ಬಗ್ಗೆ, ಕ್ರಿಕೆಟ್ಟಿನ ಬಗ್ಗೆ, ರಸ್ತೆಯ ಗುಂಡಿಯ ಬಗ್ಗೆ. ಡಬ್ಬಿಯೊಳಗೆ ಏನು ಹೋಗುತ್ತದೆ ಎಂಬ ಚಿಂತೆಯನ್ನು ಅಮ್ಮಂದಿರ ತಲೆಗೆ ಕಟ್ಟಿ ಕೂತ ಸಮಾಜದಲ್ಲಿ ಅಂಗಡಿಯ ಮುಂದೆ ನಿಂತು ಪೊಟ್ಟಣ ತಿರುಗಿಸುವ ಅಪ್ಪನಿಗೆ ಮೊದಲು ನನ್ನ ನಮಸ್ಕಾರ. ನೀವು ಅತಿ ಮಾಡುತ್ತಿಲ್ಲ. ನಗುವವರು ನಗಲಿ.

ಆದರೆ ಆ ವಾಟ್ಸಾಪ್ ಪಟ್ಟಿಯನ್ನು ದಯವಿಟ್ಟು ಇವತ್ತೇ ಅಳಿಸಿಹಾಕಿ. ನಿಮ್ಮಂಥ ಓದುವ ಮನುಷ್ಯ ಅದನ್ನು ನಂಬಿದ್ದು ನನಗೆ ಬೇಸರ ತಂದಿತು. ನೀವು ಹೆದರಿದ 330 ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ. 300 ಎಂದರೆ ವಿಟಮಿನ್ ಸಿ. 440 ಪೆಕ್ಟಿನ್, ಸೀಬೆಹಣ್ಣನ್ನು ಕುದಿಸಿದಾಗ ಅಂಟಂಟಾಗುತ್ತದಲ್ಲ, ಅದೇ. 500 ಎಂದರೆ ನಿಮ್ಮ ಅಮ್ಮ ಬೋಂಡಾ ಹಿಟ್ಟಿಗೆ ಹಾಕುವ ಸೋಡಾ. 631 ಹಂದಿಯ ಕೊಬ್ಬು ಎಂಬ ಸುದ್ದಿ ವರ್ಷಗಳಿಂದ ಸುತ್ತುತ್ತಲೇ ಇದೆ. ಅದು ರುಚಿ ಹೆಚ್ಚಿಸುವ ಒಂದು ಲವಣ. ಮಾಂಸ, ಮೀನಿನಿಂದಲೂ ತೆಗೆಯಬಹುದು, ಪಿಷ್ಟವನ್ನು ಹುದುಗಿಸಿಯೂ ತಯಾರಿಸಬಹುದು. ಪ್ರಾಣಿಮೂಲದ್ದಾದರೆ ಆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹಾಕುವಂತಿಲ್ಲ. ಸಂಖ್ಯೆ ಇದ್ದ ಮಾತ್ರಕ್ಕೆ ವಿಷವಲ್ಲ. ಆಹಾರ ವಿಜ್ಞಾನಿಗಳ ಮಾತಿನಲ್ಲೂ ಹುರುಳಿದೆ: ಯಾವುದೇ ವಸ್ತುವಿಗೆ ಪ್ರಮಾಣವೇ ಮುಖ್ಯ, ಬೂಸ್ಟು ಹಿಡಿದ ಜಾಮಿಗಿಂತ ಮಿತಿಯಲ್ಲಿ ಸಂರಕ್ಷಕ ಹಾಕಿದ ಜಾಮು ಮೇಲು. 1950ರಿಂದ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಇಂಥ ಸಂಶೋಧನೆ ನಡೆಸುತ್ತ ಬಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ನಮ್ಮ ನಾಡಿನ ಹೆಮ್ಮೆ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗೋಣ.

102 ಮತ್ತು 110ರ ವಿಷಯಕ್ಕೆ ಬಂದರೆ ನಾನು ನಿಮ್ಮ ಪಕ್ಷ. ಮೊದಲನೆಯದು ಟಾರ್ಟ್ರಜೀನ್ ಎಂಬ ಹಳದಿ, ಎರಡನೆಯದು ಸನ್‌ಸೆಟ್ ಯೆಲ್ಲೊ ಎಂಬ ಕಿತ್ತಳೆ ಹಳದಿ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ 153 ಮಕ್ಕಳಿಗೂ ಎಂಟು-ಒಂಬತ್ತು ವರ್ಷದ 144 ಮಕ್ಕಳಿಗೂ ಇಂಥ ಬಣ್ಣಗಳನ್ನು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕದ ಜೊತೆ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಈ ಬೆಂಜೊಯೇಟೇ ನಿಮ್ಮ 211. ಕೆಲವು ದಿನ ಬಣ್ಣದ್ದು, ಕೆಲವು ದಿನ ಬಣ್ಣವಿಲ್ಲದ್ದು; ಯಾವ ದಿನ ಯಾವುದು ಎಂದು ಮನೆಯವರಿಗೂ ಗೊತ್ತಿರಲಿಲ್ಲ. ಬಣ್ಣ ಕುಡಿದ ದಿನಗಳಲ್ಲಿ ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಿತ್ತು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಪರಿಣಾಮ ಸಣ್ಣದು, ಎಲ್ಲ ಮಕ್ಕಳಲ್ಲೂ ಒಂದೇ ತರಹ ಇರಲಿಲ್ಲ, ಬಣ್ಣದಿಂದಲೋ ಬೆಂಜೊಯೇಟಿನಿಂದಲೋ ಎಂದು ಬಿಡಿಸಿ ಹೇಳಲೂ ಆಗಲಿಲ್ಲ. ಆದರೂ ಯುರೋಪು ಕೈಕಟ್ಟಿ ಕೂರಲಿಲ್ಲ. 2010ರ ಜುಲೈನಿಂದ ಆ ಅಧ್ಯಯನದಲ್ಲಿ ಬಳಸಿದ ಆರು ಬಣ್ಣಗಳಲ್ಲಿ ಯಾವುದೇ ಇದ್ದರೂ ‘ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಆಗಬಹುದು’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು ಎಂದಿತು. ಆ ಸಾಲನ್ನು ಅಚ್ಚು ಹಾಕುವುದಕ್ಕಿಂತ ಬಣ್ಣವನ್ನೇ ಬಿಡುವುದು ವಾಸಿ ಎಂದು ಅನೇಕ ಕಂಪನಿಗಳು ಅಲ್ಲಿ ಬಣ್ಣ ಬದಲಿಸಿದವು. ನಮ್ಮಲ್ಲಿ ಅದೇ ಟಾರ್ಟ್ರಜೀನ್ ‘ಅನುಮತಿಸಿದ ಕೃತಕ ಬಣ್ಣ’ ಎಂಬ ಒಂದು ಇಂಗ್ಲಿಷ್ ಸಾಲಿನಲ್ಲಿ ಮುಗಿದುಹೋಗುತ್ತದೆ.

ನಿಮ್ಮ ಮಗ ಹನ್ನೊಂದರವರೆಗೆ ಮಲಗದಿರಲು ಬಣ್ಣವೇ ಕಾರಣವೋ, ಸಕ್ಕರೆ, ಗದ್ದಲ, ಬಲೂನು, ಗೆಳೆಯರ ಸಡಗರ ಕಾರಣವೋ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಅಪ್ಪನೊಬ್ಬ ತನ್ನ ಮಗುವನ್ನು ನೋಡಿ ಅನುಮಾನ ಪಟ್ಟರೆ ಅದನ್ನು ನಗೆಪಾಟಲು ಮಾಡುವ ಹಕ್ಕು ಯಾರಿಗೂ ಇಲ್ಲ.

‘ಸರ್ಕಾರ ವಿಷ ಮಾರೋಕೆ ಬಿಡುತ್ತಾ’ ಎಂದರಲ್ಲ ನಿಮ್ಮ ಸಹೋದ್ಯೋಗಿಗಳು, ಅವರಿಗೆ 2024ರ ಮಾರ್ಚ್ ತಿಂಗಳನ್ನು ನೆನಪಿಸಿ. ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ತೆಗೆದು ಪರೀಕ್ಷಿಸಿದಾಗ 107 ಅಸುರಕ್ಷಿತ ಎಂದು ಬಂತು. ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ಊಟದಲ್ಲಿ ಒಂದು ಕಣವೂ ಇರಕೂಡದು. ಆಮೇಲೆ ಕೃತಕ ಬಣ್ಣಕ್ಕೆ ನಿಷೇಧ ಬಂತು, ಜೂನ್‌ನಲ್ಲಿ ಕಬಾಬಿಗೂ ವಿಸ್ತರಿಸಿತು. ಒಳ್ಳೆಯದೇ ಆಯಿತು. ಆದರೆ ಅದಕ್ಕೆ ಮುಂಚೆ ಎಷ್ಟು ವರ್ಷ ನಮ್ಮ ಮಕ್ಕಳು ಜಾತ್ರೆಯಲ್ಲಿ, ಶಾಲೆಯ ಗೇಟಿನಲ್ಲಿ ಆ ಗುಲಾಬಿ ಬಣ್ಣ ನೆಕ್ಕುತ್ತಿದ್ದರು? ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. ಕಾರ್ಖಾನೆಗಳು ಅದರ ಕೆಂಪನ್ನು ಹಿಂಡಿ ಓಲಿಯೋರೆಸಿನ್ ಎಂಬ ಸಾರ ಮಾಡಿ ಹೊರದೇಶಕ್ಕೆ ಕಳಿಸುತ್ತವೆ, ಪರದೇಶದ ಮಕ್ಕಳ ತಿಂಡಿಗೆ ನಮ್ಮ ಹೊಲದ ಕೆಂಪು ಸೇರುತ್ತದೆ. ನಮ್ಮ ಮಕ್ಕಳ ಮಿಠಾಯಿಗೆ ಬಟ್ಟೆಯ ಬಣ್ಣ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ನಿಮ್ಮ ಅಮ್ಮನ ಮಾತಿಗೂ ಉತ್ತರ ಹೇಳಬೇಕು. ‘ಇದನ್ನೇ ತಿಂದು ಬೆಳೆದಿರಿ’ ಎಂಬುದು ಅರ್ಧ ಸತ್ಯ. ಪೊಟ್ಟಣದ ತಿಂಡಿ ದಿನನಿತ್ಯದ್ದಾಗಿರಲಿಲ್ಲ. ಆದರೆ ಬಣ್ಣದ ಮೋಹ ಮಾತ್ರ ನಮ್ಮ ಮನೆಗಳಲ್ಲೂ ಇತ್ತು. ಕೇಸರಿಬಾತಿಗೆ ಕೇಸರಿಯ ಎಸಳು ಹಾಕುವ ಮದುವೆ ಮನೆ ಎಷ್ಟಿವೆ? ನಂಟರ ಮದುವೆಯೊಂದರಲ್ಲಿ ಬಣ್ಣ ಯಾಕೆ ಎಂದು ಕೇಳಿದ್ದಕ್ಕೆ ಅಡುಗೆಯ ಭಟ್ಟರು, ‘ಬೆಳ್ಳಗಿದ್ರೆ ಸಜ್ಜಿಗೆ ಅಂತ ಎಲೆಯಲ್ಲೇ ಬಿಡ್ತಾರೆ ಸಾರ್’ ಎಂದರು. ಕಾನೂನು ಸಿಹಿತಿಂಡಿಯಲ್ಲಿ ಕಿಲೋಗೆ 100 ಮಿಲಿಗ್ರಾಂ ಕೃತಕ ಬಣ್ಣದ ಮಿತಿ ಹಾಕಿದೆ. ಕೈಯ ಚಿಟಿಕೆಯಲ್ಲಿ ಆ ಮಿತಿ ಎಲ್ಲಿ ದಾಟಿತು ಎಂದು ಯಾರು ಅಳೆಯುತ್ತಾರೆ?

ಬೆಲ್ಲದ ಕತೆ ಇನ್ನೂ ಬೇಸರದ್ದು. ಮಂಡ್ಯದ ಕಡೆ ಆಲೆಮನೆಗಳಲ್ಲಿ ಹಿಂದೆ ಕಬ್ಬಿನ ಹಾಲಿನ ಕಸ ತೆಗೆಯಲು ಬೆಂಡೆಗಿಡದ ಲೋಳೆ, ಒಂದಿಷ್ಟು ಸುಣ್ಣ ಹಾಕುತ್ತಿದ್ದರು. ಬೆಲ್ಲ ಕಂದಾಗಿ ಬರುತ್ತಿತ್ತು. ಈಗ ಹೊಂಬಣ್ಣ ಬರಲೆಂದು ಹೈಡ್ರೋಸ್ ಎಂಬ ಬಣ್ಣ ತೆಗೆಯುವ ರಾಸಾಯನಿಕ ಸುರಿಯುವವರಿದ್ದಾರೆ. ಪಾಂಡವಪುರದ ಹತ್ತಿರ ಆಲೆಮನೆಯ ಒಬ್ಬರು ನನ್ನನ್ನು ಕೂರಿಸಿಕೊಂಡು ಬಿಸಿ ಬೆಲ್ಲ ಕೊಟ್ಟು, ‘ಮನೆಗೆ ಬೇರೆ ಮಾಡ್ಕೋತೀವಿ. ಆದ್ರೆ ಕಪ್ಪು ಬೆಲ್ಲ ಮಂಡಿಗೆ ಒಯ್ದ್ರೆ ಕೇಳೋರಿಲ್ಲ’ ಎಂದರು. ಅವರಲ್ಲಿ ನನಗೆ ಕೆಟ್ಟತನ ಕಾಣಲಿಲ್ಲ. ಹಳದಿ ಬೆಲ್ಲವನ್ನೇ ಆರಿಸುವ ನಮ್ಮ ಕಣ್ಣೂ ಇದರಲ್ಲಿ ಪಾಲುದಾರ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುವ ಮನೆಗಳು ಒಂದು ವರ್ಷ ಕಂದು ಬೆಲ್ಲವನ್ನೇ ಕೇಳಿದರೆ ಮಂಡಿಯ ಭಾಷೆ ಬದಲಾಗುತ್ತದೆ.

ಈಗ ನಿಮ್ಮ ಪತ್ರ ನನ್ನನ್ನು ಯಾಕೆ ಇಷ್ಟು ಕಾಡಿತು ಎಂದು ಹೇಳುತ್ತೇನೆ. ನೀವು ಇಂಗ್ಲಿಷ್ ಓದಬಲ್ಲವರು. ನಿಮಗೇ ಪೊಟ್ಟಣದ ಹಿಂಬದಿ ಬಿಡಿಸಲಾಗದ ಒಗಟಾಯಿತು. ಹಾಗಾದರೆ ನಿಮ್ಮ ಅಮ್ಮನಿಗೆ? ನಿಮ್ಮ ಬೀದಿಯ ಹೂವಿನವರಿಗೆ? ಅಂಗನವಾಡಿಯಿಂದ ಮೊಮ್ಮಗನನ್ನು ಕರೆತರುವ ದಾರಿಯಲ್ಲಿ ಐದು ರೂಪಾಯಿಯ ಕುರುಕಲು ಕೊಡಿಸುವ ಅಜ್ಜಿಗೆ? ದೇಶದ ಆಹಾರ ಲೇಬಲ್ ನಿಯಮ ಹೇಳುವುದು ಇಷ್ಟು: ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಬೇರೆ ಭಾಷೆ ಸೇರಿಸಿದರೆ ಅಡ್ಡಿಯಿಲ್ಲ. ಅಡ್ಡಿಯಿಲ್ಲ ಎಂದರೆ ಯಾರು ಸೇರಿಸುತ್ತಾರೆ? ಅದೇ ಕಂಪನಿಯ ಜಾಹೀರಾತು ಟೀವಿಯಲ್ಲಿ ಎಷ್ಟು ಚೆಂದದ ಕನ್ನಡ ಮಾತಾಡುತ್ತದೆ! ನಮ್ಮ ನಟರು, ನಮ್ಮ ಹಾಡು, ನಮ್ಮ ಹಬ್ಬ. ಕೊಳ್ಳಿ ಎನ್ನುವಾಗ ಕನ್ನಡ, ಒಳಗೇನಿದೆ ಎಂದು ಹೇಳುವಾಗ ಸಾಸಿವೆ ಕಾಳಿಗಿಂತ ಚಿಕ್ಕ ಇಂಗ್ಲಿಷ್.

ಎಸ್ಟೋನಿಯಾ ಎಂಬ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. ಅಲ್ಲಿ ಮಾರುವ ಬಿಸ್ಕತ್ತಿನ ಪೊಟ್ಟಣ ಎಸ್ಟೋನಿಯನ್ ಭಾಷೆಯಲ್ಲಿ ಒಳಗೇನಿದೆ ಎಂದು ಹೇಳುತ್ತದೆ, ಯುರೋಪಿನ ಕಾನೂನು ಹಾಗೆ ಹೇಳಿಸುತ್ತದೆ. ಕೆನಡಾದಲ್ಲಿ ಇಂಗ್ಲಿಷಿನ ಜೊತೆ ಫ್ರೆಂಚ್ ಇರಲೇಬೇಕು. 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದ ಕರ್ನಾಟಕಕ್ಕೆ ಆ ಭಾಗ್ಯವಿಲ್ಲ. 2024ರಲ್ಲಿ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ಅದಕ್ಕಾಗಿ ಬೀದಿಗಿಳಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಬೋರ್ಡನ್ನು ಓದದಿದ್ದರೆ ಯಾರ ಹೊಟ್ಟೆಯೂ ಕೆಡುವುದಿಲ್ಲ. ಪೊಟ್ಟಣದ ಹಿಂಬದಿ, ಮಾತ್ರೆಯ ಪಟ್ಟಿ, ಕೀಟನಾಶಕದ ಬಾಟಲಿಯ ಮೈಮೇಲಿನ ಎಚ್ಚರಿಕೆ, ವಿಮೆಯ ಕಾಗದದ ಷರತ್ತು, ಇವುಗಳಲ್ಲಿ ಕನ್ನಡವಿಲ್ಲದಿದ್ದರೆ ನಷ್ಟವಾಗುವುದು ಜೀವಕ್ಕೆ, ಜೇಬಿಗೆ. ಭಾಷೆಯ ಅಭಿಮಾನವೆಂದು ನವೆಂಬರ್ ತಿಂಗಳಲ್ಲಿ ಬಾವುಟ ಕಟ್ಟುವ ನಾವು ಕಿರಾಣಿ ಅಂಗಡಿಯ ಈ ಅನ್ಯಾಯವನ್ನು ಇಷ್ಟು ಕಾಲ ಸಹಿಸಿದ್ದೇ ನನಗೆ ಅರ್ಥವಾಗುವುದಿಲ್ಲ.

ಅಕ್ಷರವೇ ಬಾರದವರಿಗೂ ಹೇಳುವ ದಾರಿಯಿದೆ. ಹಸಿರು ಚುಕ್ಕೆ ನೋಡಿ ಸಸ್ಯಾಹಾರ ಎಂದು ಗುರುತಿಸದ ಅಜ್ಜಿ ನಮ್ಮ ಊರುಗಳಲ್ಲಿ ಇಲ್ಲ. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ತಿಂಡಿಯ ಮುಂಭಾಗದಲ್ಲೇ ಕಪ್ಪು ಅಷ್ಟಕೋನ ಅಚ್ಚು ಹಾಕಿಸುತ್ತಿದೆ. ಮಗುವೂ ಎಣಿಸಬಲ್ಲದು. ನಮ್ಮಲ್ಲಿ 2022ರಲ್ಲಿ ಬಂದ ಕರಡು ನಿಯಮದಲ್ಲಿ ತಿಂಡಿಗೆ ನಕ್ಷತ್ರ ಕೊಡುವ ಯೋಜನೆ ಇತ್ತು. ನಕ್ಷತ್ರ ಬಹುಮಾನದ ಗುರುತು. ಎಣ್ಣೆ-ಉಪ್ಪಿನ ಕುರುಕಲಿಗೂ ಒಂದೋ ಎರಡೋ ನಕ್ಷತ್ರ ಅಂಟಿಸಿ ಮಾರಲು ಅದು ಅನುಕೂಲ. ನಮಗೆ ಬೇಕಾದದ್ದು ಎಚ್ಚರಿಕೆ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಮೈ ಅಳತೆ 100 ಚದರ ಸೆಂಟಿಮೀಟರಿಗಿಂತ ಕಡಿಮೆಯಿರುವ ಪುಟ್ಟ ಪೊಟ್ಟಣಗಳ ಮೇಲೆ ಪದಾರ್ಥಗಳ ಪಟ್ಟಿ ಹಾಕಬೇಕೆಂದೇ ಇಲ್ಲ. ಅವನ್ನು ತುಂಬಿ ತರುವ ದೊಡ್ಡ ಪೆಟ್ಟಿಗೆಯ ಮೇಲಿದ್ದರೆ ಸಾಕು. ಅಂದರೆ ಮಕ್ಕಳು ತಮ್ಮ ಕೈಯಾರೆ ಕೊಳ್ಳುವ ಒಂದು ರೂಪಾಯಿಯ ಮಿಠಾಯಿಯ ಒಳಗೇನಿದೆ ಎಂದು ತಿಳಿಯಲು ಅಂಗಡಿಯವನ ಪೆಟ್ಟಿಗೆ ಇಳಿಸಿ ನೋಡಬೇಕು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ-ಉಪ್ಪು-ಕೊಬ್ಬು ಹೆಚ್ಚಿರುವ ತಿಂಡಿ ಮಾರಬಾರದೆಂದು 2020ರ ನಿಯಮವಿದೆ. ನಿಮ್ಮ ಮಕ್ಕಳ ಶಾಲೆಯ ಮುಂದೆ ಒಮ್ಮೆ ನಿಂತು ನೋಡಿ ಬರೆಯಿರಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ನಿಲ್ಲಿಸಬೇಡಿ, ಇವತ್ತು ಮನೆಯಲ್ಲಿ ಪೂರ್ತಿ ಬೇಡವೆಂದದ್ದನ್ನು ನಾಳೆ ಗೆಳೆಯರ ಮನೆಯಲ್ಲಿ ಇಮ್ಮಡಿ ತಿಂದಾರು. 102, 110, 122, 124 (ಕೊನೆಯ ಎರಡು ಇಂಥವೇ ಕೆಂಪು ಬಣ್ಣಗಳು) ಇರುವುದನ್ನು ಮಾತ್ರ ಮರಳಿ ಕಪಾಟಿನಲ್ಲಿಡಿ. ಉಳಿದಂತೆ ಪಟ್ಟಿಯ ಮೊದಲ ಮೂರು ಹೆಸರು ನೋಡಿ ಸಾಕು. ತೂಕದಲ್ಲಿ ಹೆಚ್ಚಿರುವುದೇ ಮೊದಲು ಬರಬೇಕೆಂಬುದು ನಿಯಮ. ಅಲ್ಲಿ ಸಕ್ಕರೆಯೋ ತಾಳೆಎಣ್ಣೆಯೋ ಕೂತಿದ್ದರೆ ಮುಂಭಾಗದಲ್ಲಿ ರಾಗಿಯ ತೆನೆಯ ಚಿತ್ರವಿದ್ದರೂ ಮರುಳಾಗಬೇಡಿ. ನಿಜ ಹೇಳಬೇಕೆಂದರೆ ದಿನನಿತ್ಯದ ಹಾನಿ ಈ ಎರಡರಿಂದ ಮತ್ತು ಉಪ್ಪಿನಿಂದಲೇ ಹೆಚ್ಚು. ಬಣ್ಣದ ಗದ್ದಲದಲ್ಲಿ ಅವು ತಪ್ಪಿಸಿಕೊಳ್ಳದಿರಲಿ. ಡಬ್ಬಿಗೆ ಅವಲಕ್ಕಿ ಒಗ್ಗರಣೆ, ಹುರಿಗಡಲೆ-ಬೆಲ್ಲ, ರಾತ್ರಿಯ ಚಪಾತಿಗೆ ತುಪ್ಪ ಸವರಿದ ಸುರುಳಿ, ಇಷ್ಟಕ್ಕೆ ಬೆಳಗಿನ ಹತ್ತು ನಿಮಿಷ ಸಾಲುತ್ತದೆ. ಮಗಳಿಗೆ ಎಂಟು ವರ್ಷವಲ್ಲವೇ? ಸಂಖ್ಯೆ ಹುಡುಕುವ ಕೆಲಸ ಅವಳಿಗೇ ಕೊಡಿ.

ಹೆಂಡತಿಯ ಡ್ಯೂಟಿ ಬದಲಾದರೂ ಡಬ್ಬಿ ಕಟ್ಟುವುದನ್ನು ಬಿಡಬೇಡಿ.

ಮತ್ತೆ ನಿಮ್ಮಲ್ಲೂ ಇತರ ಓದುಗರಲ್ಲೂ ಒಂದು ಕೋರಿಕೆ. ಕನ್ನಡ ನಾಡಿನಲ್ಲಿ ಮಾರುವ, ಹಿಂಬದಿಯಲ್ಲಿ ಒಂದಕ್ಷರ ಕನ್ನಡವೂ ಇಲ್ಲದ ಮಕ್ಕಳ ತಿಂಡಿಯ ಖಾಲಿ ಪೊಟ್ಟಣಗಳನ್ನು ತೊಳೆದು, ಒಣಗಿಸಿ, ಎಲ್ಲಿ ಕೊಂಡಿರೆಂದು ಬರೆದು ನಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಅವನ್ನು ಕಂತೆ ಕಟ್ಟಿ ಒಂದು ಪ್ರತಿ ಮನವಿಯೊಂದಿಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೂ ನಾನೇ ಒಯ್ದು ಕೊಡುತ್ತೇನೆ. ಅವರು ಕೊಟ್ಟ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ